ಒಂದೇ ದಿನ ಹುಟ್ಟಿದ ನಾಲ್ಕು ಕಣ್ಣು: ಸಿಂಧನೂರು ತಾಲೂಕಿನ ಒಂದು ಪ್ರಕರಣ

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ರೆಟಿನಾ ಡಾಕ್ಟರಿಗೆ ತೋರಿಸಿ ಅಂತ ಹೇಳುತ್ತೇವೆ. ಮೂವತ್ತೇ ಯಾಕೆ, ಮೂರು ತಿಂಗಳು ಯಾಕಾಗಬಾರದು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಜನ ಒಂದೆರಡು ವಾರ ಮುಂದೆ ಹಾಕಿದರೂ ನಡೆಯುತ್ತೆ ಅಂದುಕೊಳ್ಳುತ್ತಾರೆ. ನಡೆಯುವುದಿಲ್ಲ. ಬೇಗ ಹುಟ್ಟಿದ ಮಕ್ಕಳ ರೆಟಿನಾಕ್ಕೆ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗುರುತಿಸುವ ಪದರಕ್ಕೆ, ಆರ್‌ಒಪಿ ಎಂಬ ರೋಗ ಬಂದು ಮಗು ಕುರುಡಾಗಬಹುದು. ಈ ಗಡುವು ಬಂದಿರುವುದು ಹೊಟ್ಟೆಯೊಳಗೆ ರೆಟಿನಾ ಬೆಳೆಯುವ ಲೆಕ್ಕದಿಂದ. ಆ ಲೆಕ್ಕ ಗೊತ್ತಾದರೆ ಗಡುವು ತಾನಾಗಿ ಅರ್ಥವಾಗುತ್ತೆ. ಅದಕ್ಕೆ ಸಿಂಧನೂರು ತಾಲೂಕಿನ ಒಂದು ಅವಳಿ ಜೋಡಿಯ ಪ್ರಕರಣವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಾನು ತಾಲೂಕು ಮಟ್ಟದಲ್ಲಿ ಕೆಲಸ ಮಾಡುವ ನೇತ್ರಾಧಿಕಾರಿ. ಕುಟುಂಬದವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಹೆರಿಗೆ ಮತ್ತು ಮೊದಲ ತಿಂಗಳು

ತಾಯಿಗೆ ಅದು ಮೊದಲ ಬಸುರು. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಸ್ಕ್ಯಾನ್‌ನಲ್ಲಿ ಅವಳಿ ಅಂತ ಗೊತ್ತಾಗಿತ್ತು. ಏಳನೇ ತಿಂಗಳಲ್ಲಿ ಬಿಪಿ ಏರಿತು, ಕಾಲು ಊದಿತು, ಕೊನೆಗೆ 30 ವಾರಕ್ಕೇ ಸಿಸೇರಿಯನ್ ಮಾಡಬೇಕಾಯಿತು. ಮೊದಲು ಬಂದದ್ದು ಹೆಣ್ಣು, 1380 ಗ್ರಾಂ. ಹಿಂದೆಯೇ ಗಂಡು, 1090 ಗ್ರಾಂ. ಮನೆಯವರು ಕರೆಯುವ ಹಾಗೆ ನಾನೂ ಅಕ್ಕ, ತಮ್ಮ ಅಂತಲೇ ಬರೆಯುತ್ತೇನೆ.

ಇಬ್ಬರನ್ನೂ ನವಜಾತ ಶಿಶು ಘಟಕಕ್ಕೆ ಸೇರಿಸಿದರು. ಅಕ್ಕನಿಗೆ ಆಮ್ಲಜನಕ ಬೇಕಾದದ್ದು ನಾಲ್ಕೇ ದಿನ. ತಮ್ಮನ ಕತೆ ಬೇರೆ. ಉಸಿರಾಟಕ್ಕೆ ಸಿಪ್ಯಾಪ್, ಅಂದರೆ ಮೂಗಿನಿಂದ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ ಹಾಕಿದರು, ಆಮೇಲೆ ಮೂಗಿನ ನಳಿಗೆಯಲ್ಲಿ ಆಮ್ಲಜನಕ ಕೊಟ್ಟರು, ಎಲ್ಲ ಸೇರಿ 18 ದಿನ. ನಡುವೆ ರಕ್ತಕ್ಕೆ ಸೋಂಕು ಏರಿತು. ಎರಡು ಸಲ ರಕ್ತ ಹಾಕಿದರು. ತೂಕ ಬಹಳ ನಿಧಾನಕ್ಕೆ ಏರಿತು. 31ನೇ ದಿನ ಮನೆಗೆ ಕಳಿಸುವಾಗಲೂ ಒಂದೂವರೆ ಕಿಲೋ ಮುಟ್ಟಿರಲಿಲ್ಲ.

ಇಷ್ಟು ಸಣ್ಣ ಜೀವವನ್ನು ಉಳಿಸಿಕೊಟ್ಟ ನರ್ಸ್‌ಗಳ ಬಗ್ಗೆ, ಡಾಕ್ಟರ್‌ಗಳ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಡಿಸ್ಚಾರ್ಜ್ ಕಾಗದ ನೋಡಿದಾಗ ಎದೆ ಧಸಕ್ಕೆಂದಿತು. ಕಬ್ಬಿಣದ ಹನಿ, ವಿಟಮಿನ್, ಲಸಿಕೆ, ಎಲ್ಲಕ್ಕೂ ತಾರೀಖು ಇತ್ತು. ಕಣ್ಣಿನ ತಪಾಸಣೆ ಮಾಡಿಸಿ ಎಂಬ ಸಾಲೂ ಇತ್ತು. ಅದರ ಮುಂದೆ ತಾರೀಖೂ ಇರಲಿಲ್ಲ, ಎಲ್ಲಿ ಅಂತಲೂ ಇರಲಿಲ್ಲ. ತಾಯಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ದೇಶದ ಮಾರ್ಗಸೂಚಿ ಪ್ರಕಾರ 34 ವಾರಕ್ಕಿಂತ ಮೊದಲು ಹುಟ್ಟಿದ, ಇಲ್ಲವೇ 2000 ಗ್ರಾಂಗಿಂತ ಕಡಿಮೆ ತೂಕದ ಎಲ್ಲ ಮಕ್ಕಳ ಕಣ್ಣನ್ನೂ ಹುಟ್ಟಿದ 30 ದಿನದೊಳಗೆ ನೋಡಬೇಕು. 28 ವಾರಕ್ಕಿಂತ ಮೊದಲು ಹುಟ್ಟಿದ್ದರೆ, ಅಥವಾ 1200 ಗ್ರಾಂಗಿಂತ ಕಡಿಮೆ ಇದ್ದರೆ, ಎರಡು ಮೂರು ವಾರಕ್ಕೇ ನೋಡಬೇಕು. ತಮ್ಮನನ್ನು ಘಟಕದೊಳಗೇ ನೋಡಬೇಕಿತ್ತು.

ಆ ಸಾಲನ್ನು ಗುರುತಿಸಿದ್ದು ಊರಿನ ಆಶಾ ಕಾರ್ಯಕರ್ತೆ. ಮನೆಭೇಟಿಗೆ ಹೋದವರು ಕಾಗದ ಓದಿ, ಅಲ್ಲಿಂದಲೇ ನನಗೆ ಫೋನ್ ಮಾಡಿದರು. "ಸರ್, ಎರಡು ಕೂಸು ಅದಾವ. ತಿಂಗಳ ಮ್ಯಾಲ ಆತು. ಕಣ್ಣು ಇನ್ನಾ ಯಾರೂ ನೋಡಿಲ್ಲ." ನಾನು ಕೇಳಿದ ಮೊದಲ ಪ್ರಶ್ನೆ ತೂಕ, ಎರಡನೆಯದು ಎಷ್ಟನೇ ವಾರಕ್ಕೆ ಹುಟ್ಟಿದವು ಅನ್ನೋದು. ತಾಯಿ ಕಾರ್ಡ್ ನೋಡಿ ಹೇಳಿದರು. ಮರುದಿನವೇ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮವಾದ ಆರ್‌ಬಿಎಸ್‌ಕೆ ತಂಡದ ಡಾಕ್ಟರ ಜೊತೆ ಮಾತಾಡಿ ಗಾಡಿ ಗೊತ್ತು ಮಾಡಿದೆವು. ರಾಯಚೂರಿನಲ್ಲಿ ಎಳೆ ಮಕ್ಕಳ ರೆಟಿನಾ ನೋಡುವ ಡಾಕ್ಟರ್ ಬರುವ ದಿನ ಹತ್ತಿರದಲ್ಲೇ ಇತ್ತು.

ಮನೆಯಲ್ಲಿ ತಕರಾರು ತೆಗೆದವರು ಅಜ್ಜಿ. ಬಾಣಂತಿಯನ್ನು, ಹಸಿಗೂಸನ್ನು ಬಿಸಿಲಿಗೆ ತೆಗೆಯಬಾರದು ಅನ್ನುವುದು ಅವರ ಮಾತು. ರಾಯಚೂರಿನ ಬಿಸಿಲು ಗೊತ್ತಿದ್ದವರು ಅದನ್ನು ತಪ್ಪು ಅನ್ನಲಾರರು. "ಇಷ್ಟ್ ಸಣ್ಣ ಕೂಸಿಗೆ ಕಣ್ ಪರೀಕ್ಷಾ ಅಂದ್ರ ಹೆಂಗ್ರಿ? ಅದಕ್ಕ ಅಕ್ಷರ ಬರಾಂಗಿಲ್ಲ, ಮಾತೂ ಬರಾಂಗಿಲ್ಲ. ಸಣ್ಣದನ್ನ ಬೇಕಾದ್ರ ಒಯ್ರಿ. ದೊಡ್ಡದು ಚಲೋ ಹಾಲು ಕುಡಿತೈತಿ, ಅದನ್ನ ಯಾಕ ತಿರಗಸ್ತೀರಿ?" ಅಂದರು. ಇದು ಪ್ರತಿ ಸಲ ಎದುರಾಗುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಮಗು ಕಣ್ಣು ಬಿಡುತ್ತೆ, ಕಣ್ಣು ಕೆಂಪಗಿಲ್ಲ, ನೀರು ಸೋರುತ್ತಿಲ್ಲ. ಹೊರಗಿನಿಂದ ನೋಡಿದರೆ ಅಕ್ಕನ ಕಣ್ಣಿಗೂ ತಮ್ಮನ ಕಣ್ಣಿಗೂ ಪೂರ್ತಿ ದಿನ ತುಂಬಿ ಹುಟ್ಟಿದ ಮಗುವಿನ ಕಣ್ಣಿಗೂ ವ್ಯತ್ಯಾಸವೇ ಕಾಣದು. ತೊಂದರೆ ಇದ್ದರೆ ಅದು ಇರುವುದು ಕಣ್ಣಿನ ಹಿಂಭಾಗದ ಒಳಗೋಡೆಯಲ್ಲಿ, ಅದರಲ್ಲೂ ಅಂಚಿನಲ್ಲಿ.

ರೆಟಿನಾ ಹೇಗೆ ಕಟ್ಟಿಕೊಳ್ಳುತ್ತದೆ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮುಂದೆ ನಡೆದದ್ದಕ್ಕೆಲ್ಲ ಬೇರು ಇಲ್ಲಿದೆ.

ಗರ್ಭ ಕಟ್ಟಿದ 22ನೇ ದಿನದ ಹೊತ್ತಿಗೆ, ಮೆದುಳಾಗಬೇಕಾದ ಭಾಗದ ಎರಡೂ ಬದಿಯಲ್ಲಿ ಒಂದೊಂದು ಸಣ್ಣ ತಗ್ಗು ಕಾಣಿಸಿಕೊಳ್ಳುತ್ತದೆ. ಅದು ಹೊರಕ್ಕೆ ಉಬ್ಬಿ ಪೊಳ್ಳು ಗುಳ್ಳೆಯಾಗುತ್ತದೆ. ಚರ್ಮದ ಕಡೆಗೆ ಬಂದು ಮುಟ್ಟಿದ ಮೇಲೆ ಗುಳ್ಳೆಯ ಮುಂಭಾಗ ಒಳಕ್ಕೆ ಮಡಚಿಕೊಂಡು ಎರಡು ಪದರದ ಬಟ್ಟಲಾಗುತ್ತದೆ. ಒಳಗಿನ ಪದರವೇ ಮುಂದೆ ಬೆಳಕು ಗುರುತಿಸುವ ರೆಟಿನಾ. ಹೊರಗಿನ ಪದರ ಕಪ್ಪು ಬಣ್ಣ ತುಂಬಿಕೊಂಡು ರೆಟಿನಾಕ್ಕೆ ಆಸರೆಯಾಗುವ ತೆಳು ಹಾಸು. ಹೀಗಾಗಿ ರೆಟಿನಾ ಕಣ್ಣಿಗೆ ಸೇರಿದ ಪೊರೆ ಅನ್ನುವುದಕ್ಕಿಂತ ಮೆದುಳಿನದೇ ಒಂದು ಚೂರು ಅನ್ನುವುದು ಸರಿ.

ಮಡಚಿಕೊಂಡ ಆ ಎರಡು ಪದರಗಳು ಒಂದಕ್ಕೊಂದು ಆತುಕೊಳ್ಳುತ್ತವೆ, ಆದರೆ ಬೆಸೆದುಕೊಳ್ಳುವುದಿಲ್ಲ. ಗುಳ್ಳೆಯ ಒಳಗಿದ್ದ ಪೊಳ್ಳು ಜಾಗ ಮುಚ್ಚಿಹೋದರೂ ಅದರ ಗುರುತು ಜೀವನಪೂರ್ತಿ ಉಳಿಯುತ್ತದೆ. ಮುಂದೆ ಯಾವಾಗ ರೆಟಿನಾ ಕಳಚಿಕೊಂಡರೂ ಅದು ಕಳಚುವುದು ಈ ಸಂದಿನಲ್ಲೇ. ವಯಸ್ಸಾದವರಿಗಾಗಲಿ, ಎರಡು ತಿಂಗಳ ಕೂಸಿಗಾಗಲಿ, ಜಾಗ ಇದೇ.

ಇನ್ನೊಂದು ಮಾತು. ಒಳಪದರದಲ್ಲಿ ಜೀವಕೋಶಗಳು ಹುಟ್ಟುವುದಕ್ಕೆ ಒಂದು ಸರದಿ ಇದೆ. ಮೆದುಳಿಗೆ ಸುದ್ದಿ ಒಯ್ಯುವ ಗ್ಯಾಂಗ್ಲಿಯಾನ್ ಕೋಶಗಳು ಮೊದಲು. ಬಣ್ಣ ಮತ್ತು ಸೂಕ್ಷ್ಮ ನೋಟದ ಕೋನ್ ಕೋಶಗಳೂ ಬೇಗ ಬರುತ್ತವೆ. ಮಬ್ಬು ಬೆಳಕಿನಲ್ಲಿ ನೋಡಲು ಬೇಕಾದ ರಾಡ್ ಕೋಶಗಳು, ಬೈಪೋಲಾರ್ ಕೋಶಗಳು, ಎಲ್ಲವನ್ನೂ ಹಿಡಿದಿಡುವ ಮ್ಯುಲರ್ ಕೋಶಗಳು ಕೊನೆಗೆ. ಜಾಗದ ಲೆಕ್ಕದಲ್ಲಿ ನೋಡಿದರೆ ಕೆಲಸ ನಡುವಿನಿಂದ ಶುರುವಾಗಿ ಅಂಚಿನ ಕಡೆಗೆ ಸಾಗುತ್ತದೆ. ಕೊನೆಗೆ ಹತ್ತು ಪದರ ಎಣಿಸಬಹುದಾದ ರಚನೆ ಸಿದ್ಧವಾಗುತ್ತದೆ. ಆದರೂ ಅದರ ದಪ್ಪ ಬಹುಪಾಲು ಕಡೆ ಕಾಲು ಮಿಲಿಮೀಟರಿನ ಆಸುಪಾಸು. ಬೆಳಕು ಹಿಡಿಯುವ ರಾಡ್ ಮತ್ತು ಕೋನ್‌ಗಳು ಈ ಹತ್ತರಲ್ಲಿ ಹಿಂದಿನ ಸಾಲಿನಲ್ಲಿ, ಹೊರಗಿನ ಆ ಕಪ್ಪು ಪದರಕ್ಕೆ ಆತುಕೊಂಡು ಕೂತಿರುತ್ತವೆ. ಬೆಳಕು ಉಳಿದ ಪದರಗಳನ್ನೆಲ್ಲ ದಾಟಿಕೊಂಡೇ ಅವುಗಳಿಗೆ ಮುಟ್ಟಬೇಕು. ಬಟ್ಟಲು ಒಳಕ್ಕೆ ಮಡಚಿಕೊಂಡದ್ದರ ಫಲ ಇದು.

ಈಗ ರಕ್ತದ ವಿಷಯ. ನಮ್ಮ ಪ್ರಕರಣ ನಿಂತಿರುವುದು ಇದರ ಮೇಲೆ. ರೆಟಿನಾದ ಹೊರ ಮೂರನೇ ಒಂದು ಭಾಗ ಹಿಂದಿನ ಕೋರಾಯ್ಡ್ ಎಂಬ ರಕ್ತ ತುಂಬಿದ ಪದರದಿಂದ ಆಮ್ಲಜನಕ ಪಡೆಯುತ್ತದೆ. ಒಳಭಾಗಕ್ಕೆ ಅದರದೇ ರಕ್ತನಾಳ ಬೇಕು. ಸುಮಾರು 16ನೇ ವಾರದವರೆಗೆ ಅಲ್ಲಿ ನಾಳಗಳೇ ಇರುವುದಿಲ್ಲ. ಆಮೇಲೆ ಕಣ್ಣಿನ ನರ ಹೊರಡುವ ಜಾಗದಿಂದ, ಅಂದರೆ ಆಪ್ಟಿಕ್ ಡಿಸ್ಕ್‌ನಿಂದ, ನಾಳಗಳು ಹೊರಟು ಸುತ್ತಲೂ ಅಂಚಿನ ಕಡೆಗೆ ಹಬ್ಬುತ್ತಾ ಹೋಗುತ್ತವೆ. ಡಿಸ್ಕ್ ಇರುವುದು ರೆಟಿನಾದ ನಟ್ಟನಡುವೆ ಅಲ್ಲ, ಮೂಗಿನ ಕಡೆಗೆ ಸರಿದಿದೆ. ಹಾಗಾಗಿ ಮೂಗಿನ ಕಡೆಯ ಅಂಚು ಹತ್ತಿರ, ಕಿವಿಯ ಕಡೆಯ ಅಂಚು ದೂರ. ಮೂಗಿನ ಕಡೆಗೆ ನಾಳಗಳು ಸುಮಾರು 36ನೇ ವಾರಕ್ಕೆ ಮುಟ್ಟುತ್ತವೆ. ಕಿವಿಯ ಕಡೆಗೆ ಮುಟ್ಟಲು ಸುಮಾರು 40 ವಾರ ಬೇಕು, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ.

ನಮ್ಮ ಅವಳಿಗಳು ಹುಟ್ಟಿದ್ದು 30ಕ್ಕೆ. ಅಂದರೆ ನಾಲ್ಕೂ ಕಣ್ಣುಗಳಲ್ಲಿ ರೆಟಿನಾದ ಅಂಚು ಸುತ್ತಲೂ ನಾಳವಿಲ್ಲದೆ ಬರಿದಾಗಿತ್ತು. ಇದು ರೋಗವಲ್ಲ, ಆ ವಯಸ್ಸಿಗೆ ಇರಬೇಕಾದ ಸ್ಥಿತಿಯೇ. ತೊಂದರೆ ಬರುವುದು ಮುಂದಿನ ಬೆಳವಣಿಗೆ ದಾರಿ ತಪ್ಪಿದಾಗ.

ನಾಳಗಳನ್ನು ಮುಂದಕ್ಕೆ ಎಳೆಯುವುದು ಆಮ್ಲಜನಕದ ಕೊರತೆ. ಗರ್ಭದಲ್ಲಿ ಮಗುವಿನ ರಕ್ತದಲ್ಲಿ ಆಮ್ಲಜನಕದ ಒತ್ತಡ ಸುಮಾರು 30 ಮಿ.ಮೀ. ಪಾದರಸ, ಅಷ್ಟೇ. ಬೆಳೆಯುತ್ತಿರುವ ಅಂಚಿಗೆ ಅದು ಸಾಲದು. ಆ ಅಂಚಿನ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಬಿಡುತ್ತವೆ. ನಾಳಗಳು ಅದನ್ನು ಹಿಂಬಾಲಿಸಿ ಬರುತ್ತವೆ. ಬೇಗ ಹುಟ್ಟಿದ ಮಗು ಬರೀ ಗಾಳಿ ಉಸಿರಾಡಿದರೂ ಒತ್ತಡ ಗರ್ಭದಲ್ಲಿ ಇದ್ದದ್ದರ ಎರಡು ಪಟ್ಟಿಗೆ ಏರುತ್ತದೆ. ಮೇಲೆ ಆಮ್ಲಜನಕ ಕೊಟ್ಟರೆ ಇನ್ನೂ ಜಾಸ್ತಿ. ಆಗ ವಿಇಜಿಎಫ್ ಇಳಿಯುತ್ತದೆ, ನಾಳಗಳು ಇದ್ದಲ್ಲೇ ನಿಲ್ಲುತ್ತವೆ. ತಾಯಿಯಿಂದ ಬರುತ್ತಿದ್ದ ಬೆಳವಣಿಗೆಯ ಅಂಶಗಳೂ ನಿಂತಿರುತ್ತವೆ. ಮಗುವಿನ ತೂಕ ಏರದಿದ್ದರೆ ಆ ಕೊರತೆ ತುಂಬುವುದೂ ಇಲ್ಲ. ಇದು ಮೊದಲ ಘಟ್ಟ.

ಎರಡನೇ ಘಟ್ಟ ಶುರುವಾಗುವುದು 32ರಿಂದ 34ನೇ ವಾರದ ಹೊತ್ತಿಗೆ (ಹುಟ್ಟಿದ ಮೇಲೂ ವಾರಗಳನ್ನು ಬಸುರಿನ ಲೆಕ್ಕದಲ್ಲೇ ಎಣಿಸುತ್ತೇವೆ). ನಾಳ ನಿಂತರೂ ರೆಟಿನಾ ನಿಂತಿರುವುದಿಲ್ಲ. ಅಂಚಿನ ರಾಡ್ ಕೋಶಗಳು ಬೆಳೆಯುತ್ತಾ ಹೆಚ್ಚು ಹೆಚ್ಚು ಆಮ್ಲಜನಕ ಕೇಳುತ್ತವೆ. ಅಲ್ಲಿ ರಕ್ತವೇ ಇಲ್ಲ. ಈಗ ವಿಇಜಿಎಫ್ ಹೊಳೆಯಂತೆ ಹರಿಯುತ್ತದೆ. ನಿಂತಿದ್ದ ನಾಳಗಳು ಒಮ್ಮೆಲೇ ಎದ್ದು, ರೆಟಿನಾದ ಮೇಲೆ ಹಬ್ಬುವ ಬದಲು ಕಣ್ಣಿನ ನಡುವಿನ ಜೆಲ್ಲಿ ಕಡೆಗೆ ಚಿಗುರುತ್ತವೆ. ಚಿಗುರು ಗಟ್ಟಿಯಾಗಿ ನಾರಾಗುತ್ತದೆ, ನಾರು ಕುಗ್ಗುತ್ತದೆ, ಕುಗ್ಗುವಾಗ ರೆಟಿನಾವನ್ನು ಎಳೆಯುತ್ತದೆ. ಎಳೆದಾಗ ಅದು ಬಿಡಿಸಿಕೊಳ್ಳುವುದು ಮೇಲೆ ಹೇಳಿದ ಹಳೆಯ ಸಂದಿನಲ್ಲಿ. ಇದಕ್ಕೆ ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ ಅನ್ನುತ್ತಾರೆ, ನಾವೆಲ್ಲ ಬಳಸುವ ಹೆಸರು ಆರ್‌ಒಪಿ.

ಈಗ ಲೆಕ್ಕ ಹಾಕಿ ನೋಡಿ. 30 ವಾರಕ್ಕೆ ಹುಟ್ಟಿದ ಮಗುವಿಗೆ ಎರಡನೇ ಘಟ್ಟ ಬರುವುದು ಹುಟ್ಟಿದ ಎರಡರಿಂದ ನಾಲ್ಕನೇ ವಾರದೊಳಗೆ. 30 ದಿನದ ಗಡುವು ಬಂದದ್ದು ಇಲ್ಲಿಂದ. ಮಗು ಮೂರು ತಿಂಗಳಾದ ಮೇಲೆ ತೋರಿಸಿದರೆ ಆಗಬೇಕಾದ್ದೆಲ್ಲ ಆಗಿ ಮುಗಿದಿರುತ್ತದೆ. ಪಾಪೆಯಲ್ಲಿ ಬಿಳಿ ಕಂಡಿತು ಅಂತ ಕರೆತಂದ ಮಕ್ಕಳನ್ನು ನಾನು ನೋಡಿದ್ದೇನೆ. ಆ ಬಿಳಿ ಅಂದರೆ ಪೂರ್ತಿ ಕಳಚಿ ಮುಂದಕ್ಕೆ ಬಂದ ರೆಟಿನಾ. ಆ ಹಂತದಲ್ಲಿ ಆಪರೇಷನ್ ಮಾಡಿದರೂ ಕೆಲಸಕ್ಕೆ ಬರುವಂಥ ದೃಷ್ಟಿ ಸಿಗುವುದು ಬಹಳ ಅಪರೂಪ.

ಆಮ್ಲಜನಕವೇ ವಿಷ ಅಂತ ಇದನ್ನು ಓದಿ ಯಾರೂ ತಿಳಿಯಬಾರದು. ಈ ರೋಗವನ್ನು ಮೊದಲು ವರದಿ ಮಾಡಿದ್ದು 1942ರಲ್ಲಿ ಅಮೆರಿಕದ ಬಾಸ್ಟನ್‌ನ ಕಣ್ಣಿನ ಡಾಕ್ಟರ್ ಥಿಯೋಡೋರ್ ಟೆರಿ. 1951ರಲ್ಲಿ ಮೆಲ್ಬರ್ನ್‌ನ ಮಕ್ಕಳ ಡಾಕ್ಟರ್ ಕೇಟ್ ಕ್ಯಾಂಪ್‌ಬೆಲ್, ಮಿತಿಯಿಲ್ಲದೆ ಕೊಡುತ್ತಿದ್ದ ಆಮ್ಲಜನಕಕ್ಕೂ ಇದಕ್ಕೂ ಸಂಬಂಧ ಇದೆ ಎಂದು ತೋರಿಸಿದರು. ಆಮೇಲೆ ಎಲ್ಲ ಕಡೆ ಹೆದರಿ ಆಮ್ಲಜನಕ ಕಡಿತ ಮಾಡಿದರು. ಕುರುಡು ಕಡಿಮೆಯಾಯಿತು, ಆದರೆ ಸಾಯುವ ಮಕ್ಕಳು, ಮೆದುಳಿಗೆ ಪೆಟ್ಟಾದ ಮಕ್ಕಳು ಜಾಸ್ತಿಯಾದರು. ಈಗಿನ ದಾರಿ ಅಳತೆಯದು. ರಕ್ತದ ಆಮ್ಲಜನಕ ಶೇ. 90ರಿಂದ 95ರ ನಡುವೆ ಇರುವ ಹಾಗೆ ಯಂತ್ರ ನೋಡಿಕೊಂಡು ಕೊಡಬೇಕು. ತಮ್ಮ ಇವತ್ತು ಬದುಕಿರುವುದು ಆ 18 ದಿನದ ಆಮ್ಲಜನಕದಿಂದ. ಆದರೆ ಅವನ ರೆಟಿನಾದ ಮೇಲಿನ ಹೊರೆ ಅಷ್ಟೇ ಆಗಿರಲಿಲ್ಲ. ಹಾಕಿದ ರಕ್ತ ದೊಡ್ಡವರದ್ದು. ಅದರ ಹಿಮೋಗ್ಲೋಬಿನ್ ಆಮ್ಲಜನಕವನ್ನು ಮಗುವಿನ ಹಿಮೋಗ್ಲೋಬಿನ್‌ಗಿಂತ ಸುಲಭವಾಗಿ ಬಿಟ್ಟುಕೊಡುತ್ತದೆ. ಸೋಂಕು ಇತ್ತು. ತೂಕ ಏರಲಿಲ್ಲ. ಒಂದೇ ಗರ್ಭದಲ್ಲಿದ್ದು ಒಂದೇ ದಿನ ಹುಟ್ಟಿದ ಇಬ್ಬರ ರೆಟಿನಾಗಳು ಬೇರೆ ಬೇರೆ ದಾರಿ ಹಿಡಿಯುವುದಕ್ಕೆ ಇಷ್ಟು ಸಾಕು.

35ನೇ ವಾರ, ರಾಯಚೂರು

ಮುಂಜಾನೆ ಬಿಸಿಲು ಏರುವ ಮೊದಲೇ ಹೊರಟೆವು. ಮಾನ್ವಿ ದಾಟಿ ರಾಯಚೂರು ಮುಟ್ಟಲು ಎರಡು ತಾಸಿನ ಮೇಲಾಯಿತು. ಅಜ್ಜಿ ಎರಡೂ ಕೂಸುಗಳನ್ನು ಬಿಡದೆ ಜೊತೆಗೇ ಬಂದರು. ಅಕ್ಕನನ್ನೂ ತರಲು ಕೊನೆಗೂ ಒಪ್ಪಿದ್ದರು.

ಪಾಪೆ ಹಿಗ್ಗಿಸುವ ಹನಿ ಹಾಕಿದ್ದು ನಾನೇ. ಅಂಗಡಿಯಲ್ಲಿ ಸಿಗುವ ಹನಿ ದೊಡ್ಡವರಿಗೆ ಮಾಡಿದ್ದು, ಅದನ್ನು ಹಾಗೇ ಹಾಕಬಾರದು. ಅರ್ಧಕ್ಕೆ ತೆಳು ಮಾಡಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು ಬಿಟ್ಟು ಒಂದೊಂದು ಹನಿ. ಹಾಕಿದ ಕೂಡಲೇ ಕೆನ್ನೆಗೆ ಇಳಿದದ್ದನ್ನು ಹತ್ತಿಯಿಂದ ಒರೆಸಬೇಕು. ಎಳೆ ಚರ್ಮದಿಂದ ಮದ್ದು ಒಳಹೋಗಿ ಬಿಪಿ ಏರಬಹುದು, ಎದೆಬಡಿತ ಹೆಚ್ಚಬಹುದು. ಪರೀಕ್ಷೆಗೆ ಒಂದು ತಾಸು ಮೊದಲು ಹಾಲು ನಿಲ್ಲಿಸುತ್ತೇವೆ, ಅಳುವಾಗ ಕಕ್ಕಿ ಉಸಿರುಗಟ್ಟಬಾರದು ಅಂತ.

ಅಕ್ಕನ ಪಾಪೆ ಮೂರನೇ ಹನಿಗೆ ಚೆನ್ನಾಗಿ ಅಗಲವಾಯಿತು. ತಮ್ಮನದು ಆಗಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಪಾಪೆಯ ಸುತ್ತ, ಕಪ್ಪುಗುಡ್ಡೆಯ ಅಂಚಿನಲ್ಲಿ, ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಗಳು ಕಂಡವು. ಆರೋಗ್ಯವಂತ ಮಗುವಿನಲ್ಲಿ ಅವು ಹಾಗೆ ಎದ್ದು ಕಾಣುವುದಿಲ್ಲ. ಒಳಗಿನ ವಿಇಜಿಎಫ್ ಮುಂಭಾಗಕ್ಕೂ ಬಂದು ಅಲ್ಲಿನ ನಾಳಗಳನ್ನು ಉಬ್ಬಿಸಿದೆ ಅನ್ನುವುದಕ್ಕೆ ಅದು ಗುರುತು. ಹಿಗ್ಗದ ಪಾಪೆ ಯಾವತ್ತೂ ಕೆಟ್ಟ ಸುದ್ದಿ. ನಾನು ಒಳಗೆ ಹೋಗಿ ಡಾಕ್ಟರಿಗೆ ತಿಳಿಸಿ, ಸಣ್ಣವನನ್ನೇ ಮೊದಲು ನೋಡಲು ಕೇಳಿಕೊಂಡೆ.

ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರು. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಗಳು ಮುಚ್ಚದ ಹಾಗೆ ಸಣ್ಣ ತಂತಿಯ ಕ್ಲಿಪ್ ಇಟ್ಟರು. ಡಾಕ್ಟರ್ ತಲೆಗೆ ಲೈಟು ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು, ಇನ್ನೊಂದು ಕೈಯಿಂದ ಸಣ್ಣ ಕಡ್ಡಿಯಲ್ಲಿ ಕಣ್ಣುಗುಡ್ಡೆಯನ್ನು ಹೊರಗಿನಿಂದ ಒತ್ತಿ, ಅಂಚನ್ನು ನೋಟಕ್ಕೆ ತಂದುಕೊಂಡರು. ಮಗು ಕಿರುಚುತ್ತದೆ. ತಾಯಂದಿರಿಗೆ ಇದನ್ನು ನೋಡುವುದು ಕಷ್ಟ. ಒಂದು ಕಣ್ಣಿಗೆ ಒಂದೆರಡು ನಿಮಿಷ, ಅಷ್ಟೇ.

ಬರೆದುಕೊಂಡದ್ದು ಹೀಗಿದೆ. ತಮ್ಮ: ಎರಡೂ ಕಣ್ಣು, ವಲಯ 2, ಹಂತ 3, ಪ್ಲಸ್ ಇದೆ. ಅಕ್ಕ: ಎರಡೂ ಕಣ್ಣು, ವಲಯ 2, ಹಂತ 1, ಪ್ಲಸ್ ಇಲ್ಲ.

ಇದನ್ನು ಓದುವುದು ಕಷ್ಟವೇನಲ್ಲ. ವಲಯ ಅಂದರೆ ನಾಳಗಳು ಎಲ್ಲಿಯವರೆಗೆ ಮುಟ್ಟಿವೆ ಅನ್ನುವುದು. ಡಿಸ್ಕ್‌ನಿಂದ ಫೋವಿಯಾ, ಅಂದರೆ ಸೂಕ್ಷ್ಮ ನೋಟದ ನಡುಬಿಂದು, ಎಷ್ಟು ದೂರವೋ ಅದರ ಎರಡರಷ್ಟು ತ್ರಿಜ್ಯದ ವೃತ್ತ ಒಂದನೇ ವಲಯ. ಅಲ್ಲಿಂದ ಮೂಗಿನ ಕಡೆಯ ಅಂಚು ಮುಟ್ಟುವ ವೃತ್ತದವರೆಗೆ ಎರಡನೆಯದು. ಕಿವಿಯ ಕಡೆ ಉಳಿಯುವ ಅರ್ಧಚಂದ್ರ ಮೂರನೆಯದು. ಹಂತ ಅಂದರೆ ನಾಳ ನಿಂತ ಗಡಿ ಹೇಗಿದೆ ಅನ್ನುವುದು. ಒಂದರಲ್ಲಿ ಬರೀ ಗೆರೆ, ಎರಡರಲ್ಲಿ ಆ ಗೆರೆ ದಿಬ್ಬವಾಗುತ್ತದೆ, ಮೂರರಲ್ಲಿ ದಿಬ್ಬದಿಂದ ಹೊಸ ನಾಳ ಮೇಲಕ್ಕೆ ಚಿಗುರುತ್ತದೆ, ನಾಲ್ಕರಲ್ಲಿ ರೆಟಿನಾ ಸ್ವಲ್ಪ ಕಳಚುತ್ತದೆ, ಐದರಲ್ಲಿ ಪೂರ್ತಿ. ಪ್ಲಸ್ ಅಂದರೆ ಡಿಸ್ಕ್ ಹತ್ತಿರದ ನಾಳಗಳು ಉಬ್ಬಿ, ಅಂಕುಡೊಂಕಾಗಿವೆ ಅಂತ. ನನ್ನ ಮಟ್ಟಿಗೆ ಈ ಮೂರರಲ್ಲಿ ಎದೆ ನಡುಗಿಸುವ ಪದ ಪ್ಲಸ್. ರೋಗ ಈಗ ಓಡುತ್ತಿದೆ ಅಂತ ಅದು ಹೇಳುತ್ತದೆ. ಎರಡನೇ ವಲಯದಲ್ಲಿ ಹಂತ ಎರಡೋ ಮೂರೋ ಇದ್ದು ಪ್ಲಸ್ ಸೇರಿದರೆ 48ರಿಂದ 72 ತಾಸಿನೊಳಗೆ ಚಿಕಿತ್ಸೆ ಆಗಬೇಕು.

ಡಾಕ್ಟರ್ ಮರುದಿನ ಬೆಳಿಗ್ಗೆ ಲೇಸರ್ ಅಂದರು. ಮನೆಯವರು ಮುಖ ಮುಖ ನೋಡಿಕೊಂಡರು. ಮರುದಿನ ಅಮಾವಾಸ್ಯೆ. "ಅಮಾಸಿ ದಿನ ಕೂಸಿನ ಕಣ್ಣಿಗೆ ಬೆಂಕಿ ಮುಟ್ಟಸಬ್ಯಾಡ್ರಿ ಸರ್ರ. ಒಂದ್ ವಾರ ಬಿಟ್ಟು ನಾನಽ ಕರಕೊಂಡು ಬರ್ತೀನಿ" ಅಂದರು ಅಜ್ಜಿ. ಅವರು ಮಾತು ತಪ್ಪುವವರಲ್ಲ, ಖಂಡಿತ ಬರುತ್ತಿದ್ದರು. ಆದರೆ ಬರುವಷ್ಟರಲ್ಲಿ ಹಂತ ಮೂರು ನಾಲ್ಕಾಗಿರುತ್ತಿತ್ತು.

ಡಾಕ್ಟರ್ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ತೆರೆದು ಅಜ್ಜಿಗೆ ತೋರಿಸಿದರು. ನಾನು ಪಕ್ಕದಲ್ಲಿ ನಿಂತು ಹೇಳುತ್ತಾ ಹೋದೆ. ಅವ್ವಾ, ಇದು ನಡುವಿನ ಜಾಗ, ಇಲ್ಲಿಂದ ರಕ್ತದ ದಾರಿ ಶುರು. ಇಲ್ಲಿಗೆ ನಿಂತಿದೆ. ಇದರಾಚೆ ಬೂದು ಬಣ್ಣ ಕಾಣುತ್ತಲ್ಲ, ಅಲ್ಲಿಗೆ ರಕ್ತ ಹೋಗಿಯೇ ಇಲ್ಲ. ಅಜ್ಜಿ ಪರದೆಗೆ ಮುಖ ಹತ್ತಿರ ತಂದು ಸುಮಾರು ಹೊತ್ತು ನೋಡಿದರು. "ನಮ್ಮ ಎಡದಂಡಿ ಕಾಲುವಿ ಇದ್ದಂಗ ಐತಲ್ರಿ ಇದು. ಮ್ಯಾಲಿನವರಿಗೆ ನೀರು, ಕೊನಿ ಹೊಲ ಒಣಗತೈತಿ. ಕೊನ್ಯಾಗ ಇದ್ದವರು ಒದರ್ಯಾಡ್ತಾರ" ಅಂದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನೀರಿಗಾಗಿ ಕಾದು ಕಾದು ಬದುಕಿದ ಹೆಂಗಸಿಗೆ ಇದನ್ನು ನಾನು ಬಿಡಿಸಿ ಹೇಳುವುದೇ ಬೇಕಾಗಲಿಲ್ಲ. ಒದರುವ ಆ ಕೊನೆಯ ಭಾಗವನ್ನೇ ಲೇಸರ್ ಸುಮ್ಮನಾಗಿಸುತ್ತೆ, ಆಗ ಕೆಟ್ಟ ನಾಳಗಳು ಬಾಡುತ್ತವೆ ಅಂದೆ. "ಕೊನಿ ಹೊಲ ಹೋದ್ರ ಹೋಗ್ಲಿ, ಮನಿ ಉಳಿಲಿ" ಅಂದು, ಹೆಬ್ಬೆಟ್ಟು ಒತ್ತಲು ಮಗನನ್ನು ಕರೆದರು.

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಲೇಸರ್ ಅಂಚಿನ ನಾಳವಿಲ್ಲದ ರೆಟಿನಾವನ್ನು ಸುಟ್ಟು ಕಲೆ ಮಾಡುತ್ತದೆ. ಪಕ್ಕದ ನೋಟ ಸ್ವಲ್ಪ ಕಳೆದುಹೋಗುತ್ತದೆ. ಅದನ್ನು ಕೊಟ್ಟು ರೆಟಿನಾದ ನಡುಭಾಗವಾದ ಮ್ಯಾಕುಲಾವನ್ನು ಉಳಿಸಿಕೊಳ್ಳುತ್ತೇವೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಮ್ಯಾಕುಲಾದ ಕೆಲಸ. ಅದರ ನಡುವಿನ ಫೋವಿಯಾ ಬರೀ ಒಂದೂವರೆ ಮಿಲಿಮೀಟರ್ ಅಗಲ.

ಲೇಸರ್ ಬದಲು ಕಣ್ಣೊಳಗೆ ವಿಇಜಿಎಫ್ ತಡೆಯುವ ಇಂಜೆಕ್ಷನ್ ಕೊಡುವ ದಾರಿಯೂ ಇದೆ. ಅಂಚು ಸುಡುವುದಿಲ್ಲ, ನಾಳಗಳು ಮುಂದೆ ಬೆಳೆಯಲು ಅವಕಾಶ ಸಿಗುತ್ತದೆ. ಒಂದನೇ ವಲಯದ ರೋಗಕ್ಕೆ ಅದರಿಂದ ಬಹಳ ಪ್ರಯೋಜನ. ಆದರೆ ತಿಂಗಳುಗಳ ನಂತರ ರೋಗ ಮತ್ತೆ ತಲೆ ಎತ್ತಬಹುದು. ಅದಕ್ಕೆ ಬಹಳ ಕಾಲ ತಪ್ಪದೆ ಬಂದು ತೋರಿಸಬೇಕು. ದಿನಗೂಲಿ ಬಿಟ್ಟು ಪ್ರತಿ ಸಲ ರಾಯಚೂರಿಗೆ ಬರುವ ಕುಟುಂಬಕ್ಕೆ, ಎರಡನೇ ವಲಯದ ರೋಗಕ್ಕೆ, ಲೇಸರೇ ಸರಿ ಅಂತ ಡಾಕ್ಟರ್ ತೀರ್ಮಾನಿಸಿದರು. ನನಗೂ ಅದೇ ಸರಿ ಅನಿಸಿತು. ಯಾವ ಚಿಕಿತ್ಸೆ ಅನ್ನುವುದನ್ನು ಕಣ್ಣೊಂದನ್ನೇ ನೋಡಿ ತೀರ್ಮಾನಿಸಲು ಬರುವುದಿಲ್ಲ, ಬಸ್ಸಿನ ದಾರಿಯನ್ನೂ ನೋಡಬೇಕು.

ಲೇಸರ್ ಮತ್ತು ನಂತರ

ಅಮಾವಾಸ್ಯೆಯ ಬೆಳಿಗ್ಗೆ ಲೇಸರ್ ಆಯಿತು. ಮಕ್ಕಳ ಡಾಕ್ಟರ್ ಉಸಿರು, ಎದೆಬಡಿತ ನೋಡುತ್ತಾ ಪಕ್ಕದಲ್ಲೇ ನಿಂತಿದ್ದರು. ದಿಬ್ಬದ ಮುಂದಿನಿಂದ ಅಂಚಿನವರೆಗೆ ಸುತ್ತಲೂ, ಒಂದರ ಪಕ್ಕ ಒಂದು, ನೂರಾರು ಚುಕ್ಕೆ ಇಡಬೇಕು. ಒಂದು ಕಣ್ಣಿಗೇ ಸಾವಿರ ದಾಟುವುದೂ ಉಂಟು. ನಡುವೆ ಜಾಗ ಬಿಟ್ಟರೆ ಅಲ್ಲಿಂದಲೇ ರೋಗ ಮುಂದುವರಿಯುತ್ತದೆ. ಮಧ್ಯೆ ಎರಡು ಸಲ ಮಗುವಿನ ಆಮ್ಲಜನಕ ಇಳಿದು, ನಿಲ್ಲಿಸಿ ಮತ್ತೆ ಶುರು ಮಾಡಬೇಕಾಯಿತು. ಆ ರಾತ್ರಿ ಮಗುವನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು.

ಒಂದು ವಾರಕ್ಕೆ ನೋಡಿದಾಗ ಪ್ಲಸ್ ಇಳಿದಿತ್ತು. ಪಾಪೆ ಈ ಸಲ ಎರಡನೇ ಹನಿಗೇ ಅಗಲವಾಯಿತು. ಬಲಗಣ್ಣಿನಲ್ಲಿ ಒಂದು ಕಡೆ ಚುಕ್ಕೆ ಬೀಳದ ಸಣ್ಣ ಜಾಗ ಉಳಿದಿತ್ತು, ಅಲ್ಲಿ ಮತ್ತೆ ಲೇಸರ್ ಇಟ್ಟರು. ಮೂರನೇ ವಾರದ ಹೊತ್ತಿಗೆ ದಿಬ್ಬ ಕರಗಿತ್ತು. ರೆಟಿನಾ ಎಲ್ಲೂ ಕಳಚಿರಲಿಲ್ಲ.

ಅಕ್ಕನ ಬಗ್ಗೆ ಮನೆಯವರಿಗೆ ಈಗ ನಿರಾಳ. ನನಗೆ ಆಗಿರಲಿಲ್ಲ. ಹಂತ 1 ಅಂದರೆ ಗುಣವಾಯಿತು ಅಂತಲ್ಲ. ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿ ಇಳಿಯುತ್ತದೆ, ಕೆಲವರಲ್ಲಿ ಮುಂದಕ್ಕೆ ಹೋಗುತ್ತದೆ. ಯಾರಲ್ಲಿ ಯಾವುದು ಅಂತ ಮೊದಲೇ ಹೇಳಲು ಆಗುವುದಿಲ್ಲ. ಅಕ್ಕನಿಗೆ 37ನೇ ವಾರಕ್ಕೆ ಹಂತ 2 ಆಯಿತು, ಪ್ಲಸ್ ಬರಲಿಲ್ಲ. 39ಕ್ಕೆ ದಿಬ್ಬ ಮಂಕಾಗಿ, ನಾಳಗಳು ಅದನ್ನು ದಾಟಿ ಮೂರನೇ ವಲಯಕ್ಕೆ ಕಾಲಿಟ್ಟಿದ್ದವು. ಕಿವಿಯ ಕಡೆಯ ಅರ್ಧಚಂದ್ರ ಪೂರ್ತಿ ತುಂಬಿದ್ದು 42ನೇ ವಾರಕ್ಕೆ. ನಾಳಗಳು ಆ ಕೊನೆಯ ಅಂಚು ಮುಟ್ಟುವವರೆಗೆ ತಪಾಸಣೆ ನಿಲ್ಲಿಸಬಾರದು. ಮಗು ದಪ್ಪಗಾಗಿದೆ, ನಗುತ್ತಿದೆ ಅಂತ ನಡುವೆ ಬಿಟ್ಟುಬಿಡುವವರೇ ಜಾಸ್ತಿ.

ಈ ಸೀಮೆಯಲ್ಲಿ ಇಂಥ ಪ್ರಕರಣ ಇನ್ನೂ ಇವೆ, ಇನ್ನೂ ಬರುತ್ತವೆ. ಅಮೆರಿಕದಲ್ಲಿ ತಪಾಸಣೆಯ ಗಡಿ 1500 ಗ್ರಾಂ ಮತ್ತು 30 ವಾರ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಕ್ಕಳಿಗೂ ಆರ್‌ಒಪಿ ಬರುವುದರಿಂದ 2000 ಗ್ರಾಂ, 34 ವಾರ ಅಂತ ಇಟ್ಟಿದ್ದಾರೆ. ಆ ಗಡಿ ಅವರ ಪುಸ್ತಕ ನೋಡಿ ನಕಲು ಮಾಡದೆ ನಮ್ಮ ಮಕ್ಕಳನ್ನು ನೋಡಿ ಇಟ್ಟದ್ದು, ಅದು ನನಗೆ ದೊಡ್ಡ ಸಮಾಧಾನ. ಕರ್ನಾಟಕದಲ್ಲೇ 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ ಕಿಡ್‌ರಾಪ್ ಎಂಬ ಕಾರ್ಯಕ್ರಮ ಶುರುವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ಡಾಕ್ಟರ್ ನೋಡಿ ತೀರ್ಮಾನ ಹೇಳುತ್ತಾರೆ. ಮಗುವಿನ ಹತ್ತಿರಕ್ಕೆ ಪರೀಕ್ಷೆಯೇ ಹೋಗುವ ಈ ಪದ್ಧತಿ ಪ್ರತಿ ಘಟಕಕ್ಕೂ ಬರಬೇಕು. ಅಲ್ಲಿಯವರೆಗೆ ಡಿಸ್ಚಾರ್ಜ್ ಕಾಗದದಲ್ಲಿ ಕಣ್ಣಿನ ಸಾಲಿನ ಮುಂದೆ ತಾರೀಖು ಮತ್ತು ಊರಿನ ಹೆಸರು ಬರೆದು, ತಾಯಿಗೆ ಓದಿ ಹೇಳಿ ಕಳಿಸಬೇಕು. ಅದಕ್ಕೆ ದುಡ್ಡು ಬೇಡ, ಯಂತ್ರ ಬೇಡ. ಕಾಗದದಲ್ಲಿ ಇಲ್ಲದಿದ್ದರೆ ಮನೆಯವರು ಅಲ್ಲಿಯೇ ನಿಂತು ಕೇಳಿ ಬರೆಸಿಕೊಳ್ಳಿ.

ಮಕ್ಕಳಿಗೆ ಈಗ ಎರಡು ವರ್ಷ ದಾಟಿದೆ. ತಮ್ಮನಿಗೆ ಒಂದು ವರ್ಷದ ತಪಾಸಣೆಯಲ್ಲಿ ಎರಡೂ ಕಣ್ಣಿಗೆ ಮೈನಸ್ ನಾಲ್ಕರ ಆಸುಪಾಸು ನಂಬರ್ ಬಂತು. ಲೇಸರ್ ಆದ ಮಕ್ಕಳಲ್ಲಿ ಇದು ಸಾಮಾನ್ಯ. ಚಿಕಿತ್ಸೆ ಇಲ್ಲದಿದ್ದರೂ ಬೇಗ ಹುಟ್ಟಿದ ಮಕ್ಕಳಿಗೆ ನಂಬರ್, ಮೆಳ್ಳೆಗಣ್ಣು ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ಅಕ್ಕನನ್ನೂ ಜೊತೆಗೇ ನೋಡುತ್ತಿದ್ದೇವೆ. ಅವಳಿಗೆ ಸದ್ಯ ಏನೂ ಇಲ್ಲ.

ತಮ್ಮನ ಕನ್ನಡಕಕ್ಕೆ ಹಿಂದಿನಿಂದ ಇಲಾಸ್ಟಿಕ್ ಪಟ್ಟಿ ಕಟ್ಟಿಸಿದ್ದೇವೆ. ಮೊದಲ ವಾರ ಕಿತ್ತು ಎಸೆಯುತ್ತಿದ್ದ, ಈಗ ಬೆಳಿಗ್ಗೆ ಎದ್ದ ಕೂಡಲೇ ತಾನೇ ಕೇಳುತ್ತಾನೆ. ಇಷ್ಟು ಸಣ್ಣ ವಯಸ್ಸಿಗೆ ಕನ್ನಡಕ ಯಾಕೆ, ಶಾಲೆಗೆ ಹೋಗುವಾಗ ಹಾಕಿದರಾಯಿತು ಅಂತ ಓಣಿಯವರು ಹೇಳಿದ್ದಾರೆ. ಫೋವಿಯಾ ಹುಟ್ಟುವಾಗ ಅರ್ಧ ಮಾತ್ರ ಸಿದ್ಧವಾಗಿರುತ್ತದೆ. ಕೋನ್ ಕೋಶಗಳು ನಡುವಿಗೆ ಸರಿದು ಒತ್ತೊತ್ತಾಗಿ ಕೂರುವ ಕೆಲಸ ನಾಲ್ಕು ವರ್ಷದವರೆಗೂ, ಅದರಾಚೆಗೂ ನಡೆಯುತ್ತದೆ. ಅದರ ಜೊತೆಗೇ ಮೆದುಳು ನೋಡುವುದನ್ನು ಕಲಿಯುತ್ತದೆ. ಆ ವರ್ಷಗಳಲ್ಲಿ ಮಸುಕು ಚಿತ್ರ ಬಿದ್ದರೆ ಮೆದುಳು ಮಸುಕನ್ನೇ ಕಲಿಯುತ್ತದೆ, ಆಮೇಲೆ ಎಂಥ ಕನ್ನಡಕ ಕೊಟ್ಟರೂ ಸರಿಹೋಗುವುದಿಲ್ಲ. ಇದನ್ನು ಅಂಗನವಾಡಿ ಟೀಚರಿಗೂ ಹೇಳಿ ಬಂದಿದ್ದೇನೆ. ಆರು ತಿಂಗಳಿಗೊಮ್ಮೆ ನಂಬರ್ ನೋಡಬೇಕು. ರೆಟಿನಾವನ್ನು ವರ್ಷಕ್ಕೊಮ್ಮೆ, ಅವನು ದೊಡ್ಡವನಾದ ಮೇಲೂ.